ಬೆಳೆ ಕಟಾವು ಪ್ರಯೋಗ: ರೈತರು ತಿಳಿದಿರಬೇಕಾದ ಸಂಗತಿಗಳು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಬೆಳೆಯಲ್ಲಿ ಒಂದೇ ತೆರನಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವಲ್ಲಿ ಭತ್ತದ ಗದ್ದೆಗಳಿವೆ. ಮಳೆಯನ್ನೇ ನಂಬಿದ ಭೂಮಿಯಲ್ಲಿ ತೊಗರಿ, ಸಜ್ಜೆ, ಹತ್ತಿ, ಜೋಳ ಬೆಳೆಯುತ್ತವೆ. ಒಂದೇ ಕಾಲುವೆಯ ಮೇಲ್ಭಾಗದಲ್ಲಿ ತುಂಬು ಬೆಳೆ ಇದ್ದು, ಕೊನೆಭಾಗದಲ್ಲಿ ತೆನೆ ಕಟ್ಟುವ ಹೊತ್ತಿಗೆ ನೀರು ಸಾಲದೆ ಜೊಳ್ಳಾಗುವುದುಂಟು. ಇಂತಹ ಪ್ರದೇಶದಲ್ಲಿ ಒಂದು ಪಂಚಾಯಿತಿಯ ಇಳುವರಿ ಇಷ್ಟೆಂದು ಹೇಳುವುದು ಹೇಗೆ? ಇದಕ್ಕೆ ಅನುಸರಿಸುವ ವಿಧಾನವೇ ಬೆಳೆ ಕಟಾವು ಪ್ರಯೋಗ.

ಪ್ರಯೋಗದ ಮಹತ್ವ

2016ರಲ್ಲಿ ಜಾರಿಗೆ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟವನ್ನು ಪ್ರತಿ ರೈತನ ಹೊಲದಲ್ಲಿ ಅಳೆಯುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ಒಂದು ಬೆಳೆಗೆ ಕನಿಷ್ಠ 4 ಪ್ರಯೋಗಗಳನ್ನೂ, ಹೋಬಳಿಯನ್ನು ಘಟಕವಾಗಿ ಇಟ್ಟುಕೊಂಡ ಬೆಳೆಗಳಿಗೆ 10 ಪ್ರಯೋಗಗಳನ್ನೂ ನಡೆಸಬೇಕೆಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಅಂದರೆ ನಾಲ್ಕು ಹೊಲಗಳ ನಾಲ್ಕು ತಾಕುಗಳು ಇಡೀ ಪಂಚಾಯಿತಿಯ ಪರವಾಗಿ ಸಾಕ್ಷಿ ನುಡಿಯುತ್ತವೆ.

ತಾಕಿನ ಆಯ್ಕೆ

ಹೊಲವನ್ನು ಆರಿಸುವುದು ಅಧಿಕಾರಿಯೂ ಅಲ್ಲ, ರೈತನೂ ಅಲ್ಲ. ಆ ಬೆಳೆ ಇರುವ ಸರ್ವೆ ನಂಬರುಗಳಿಂದ ಚೀಟಿ ಎತ್ತಿದಂತೆ, ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಹೊಲವನ್ನು ಗೊತ್ತುಮಾಡಲಾಗುತ್ತದೆ. ಹೊಲದೊಳಗೂ ಇದೇ ಕ್ರಮ. ನೈರುತ್ಯ ಮೂಲೆಯಿಂದ ಉದ್ದಕ್ಕೆ ಇಂತಿಷ್ಟು, ಅಗಲಕ್ಕೆ ಇಂತಿಷ್ಟು ಹೆಜ್ಜೆ ನಡೆದು, ನಿಂತ ಜಾಗದಲ್ಲಿ ಗೂಟ ಊರಬೇಕು. ಅಲ್ಲಿ ಬೆಳೆ ಸೊಂಪಾಗಿದ್ದರೂ ಸೊರಗಿದ್ದರೂ ಜಾಗ ಬದಲಿಸಬಾರದು.

ಭತ್ತಕ್ಕೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕನ್ನು ಗುರುತಿಸುತ್ತಾರೆ. ಕರ್ಣವು 7 ಮೀಟರ್ 7 ಸೆಂಟಿಮೀಟರ್ ಬಂದರೆ ಮೂಲೆಗಳು ನೇರವಾಗಿವೆ ಎಂದರ್ಥ. ಹಗ್ಗವನ್ನು ಬಿಗಿಯಾಗಿ ಎಳೆದು ನೆಲಕ್ಕೆ ಇಳಿಸಿ, ಬುಡ ಒಳಗಿರುವ ಪೈರನ್ನು ಮಾತ್ರ ಕೊಯ್ಯಬೇಕು. ತೆನೆ ಒಳಕ್ಕೆ ಬಾಗಿದ್ದು ಬುಡ ಹೊರಗಿದ್ದರೆ ಅದನ್ನು ಬಿಡಬೇಕು.

ತಾಕು ಇಷ್ಟು ದೊಡ್ಡದೇಕೆ ಎಂಬ ಪ್ರಶ್ನೆ ಸಹಜ. ಸಂಖ್ಯಾಶಾಸ್ತ್ರಜ್ಞ ಡಾ. ಪಿ. ವಿ. ಸುಖಾತ್ಮೆಯವರು 1940ರ ದಶಕದಲ್ಲಿ ನಡೆಸಿದ ಅಧ್ಯಯನಗಳಿಂದ, ತೀರ ಚಿಕ್ಕ ತಾಕುಗಳಲ್ಲಿ ಇಳುವರಿ ನಿಜಕ್ಕಿಂತ ಹೆಚ್ಚು ಕಾಣುತ್ತದೆಂದು ತಿಳಿದುಬಂದಿತು. ಅಂಚಿನ ಪೈರನ್ನು ಒಳಗೆ ಸೇರಿಸಿಕೊಳ್ಳುವ ಪ್ರವೃತ್ತಿಯೇ ಇದಕ್ಕೆ ಮುಖ್ಯ ಕಾರಣ. 1 ಚದರ ಮೀಟರಿನ ತಾಕಿಗೆ 4 ಮೀಟರ್ ಅಂಚು ಇದ್ದರೆ, 25 ಚದರ ಮೀಟರಿಗೆ 20 ಮೀಟರ್ ಅಂಚು ಮಾತ್ರ ಇರುತ್ತದೆ. ಅಂಚು ಕಡಿಮೆಯಾದಷ್ಟೂ ತಪ್ಪು ಕಡಿಮೆ.

ತೂಕದ ಲೆಕ್ಕ

25 ಚದರ ಮೀಟರ್ ಎಂದರೆ ಹೆಕ್ಟೇರಿನ 400ನೇ ಒಂದು ಭಾಗ. ತಾಕಿನಲ್ಲಿ 12 ಕಿಲೋ ಒಣ ಭತ್ತ ಬಂದರೆ ಹೆಕ್ಟೇರಿಗೆ 48 ಕ್ವಿಂಟಾಲ್. 75 ಕಿಲೋ ಚೀಲದಲ್ಲಿ ಎಕರೆಗೆ ಸುಮಾರು 26 ಚೀಲ. ತೂಕದಲ್ಲಿ 1 ಕಿಲೋ ತಪ್ಪಿದರೆ ಎಕರೆಗೆ ಎರಡು ಚೀಲಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಆದ್ದರಿಂದ ತಕ್ಕಡಿಯನ್ನು ಮೊದಲು ಪರೀಕ್ಷಿಸಬೇಕು. ಹಸಿ ಕಾಳಿನ ತೂಕವನ್ನು ಒಣ ಕಾಳಿನ ತೂಕಕ್ಕೆ ಇಳಿಸಿಯೇ ಲೆಕ್ಕ ಹಾಕಬೇಕು. ಹತ್ತಿಯಲ್ಲಿ ಒಂದು ಬಿಡಿಸುವಿಕೆ ಸಾಲದು; ಎಲ್ಲ ಬಿಡಿಸುವಿಕೆಗಳ ಮೊತ್ತ ಬೇಕು.

ಈ ತಪ್ಪು ಪರಿಹಾರದ ಮೇಲೆ ಹೇಗೆ ಪರಿಣಾಮ ಬೀರುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಹೊಸ್ತಿಲು ಇಳುವರಿ ಹೆಕ್ಟೇರಿಗೆ 40 ಕ್ವಿಂಟಾಲ್, ಈ ವರ್ಷದ ಸರಾಸರಿ 30 ಕ್ವಿಂಟಾಲ್ ಎಂದಿಟ್ಟುಕೊಳ್ಳೋಣ. ಕೊರತೆ ಶೇಕಡಾ 25. ವಿಮಾ ಮೊತ್ತದ ಶೇಕಡಾ 25 ಪರಿಹಾರ. ನಾಲ್ಕರಲ್ಲಿ ಒಂದು ತಾಕಿನ ತೂಕ 1 ಕಿಲೋ ಹೆಚ್ಚಾಗಿ ದಾಖಲಾದರೆ ಸರಾಸರಿ 31 ಆಗುತ್ತದೆ. ಪರಿಹಾರ ಶೇಕಡಾ 22.5ಕ್ಕೆ ಇಳಿಯುತ್ತದೆ. ಈ ನಷ್ಟವನ್ನು ಆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಪ್ರತಿಯೊಬ್ಬ ರೈತನೂ ಹೊರಬೇಕಾಗುತ್ತದೆ.

ಹಾಗೆಂದು ಇಳುವರಿಯನ್ನು ಬೇಕೆಂದೇ ಕಡಿಮೆ ತೋರಿಸುವುದೂ ಸರಿಯಲ್ಲ. ಹೊಸ್ತಿಲು ಇಳುವರಿಯನ್ನು ಹಿಂದಿನ 7 ವರ್ಷಗಳ ಪೈಕಿ ಉತ್ತಮವಾದ 5 ವರ್ಷಗಳ ಸರಾಸರಿಯಿಂದ ನಿರ್ಧರಿಸಲಾಗುತ್ತದೆ. ಸುಳ್ಳು ಅಂಕಿಗಳು ಮೇಲಿಂದ ಮೇಲೆ ಸೇರಿದರೆ ಹೊಸ್ತಿಲು ಕುಸಿದು, ನಿಜವಾದ ಬರ ಬಂದಾಗ ಪರಿಹಾರವೇ ಸಿಗದಂತಾಗಬಹುದು.

ರೈತರು ಗಮನಿಸಬೇಕಾದ ಅಂಶಗಳು

1. ಬೆಳೆ ಸಮೀಕ್ಷೆಯಲ್ಲಿ ತಮ್ಮ ಸರ್ವೆ ನಂಬರಿಗೆ ನಿಜವಾಗಿ ಬಿತ್ತಿದ ಬೆಳೆಯೇ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ತೊಗರಿ ಇರುವಲ್ಲಿ ಹತ್ತಿ ಎಂದಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು.

2. ತಮ್ಮ ಹೊಲ ಆಯ್ಕೆಯಾಗಿದ್ದರೆ, ತಿಳಿಸದೆ ಕೊಯ್ಲು ಮಾಡಬಾರದು. ಯಂತ್ರದ ಬಾಡಿಗೆಗೆ ಅವಸರಪಟ್ಟು ಕೊಯ್ದರೆ ಒಂದು ಪ್ರಯೋಗವೇ ಕೈತಪ್ಪುತ್ತದೆ.

3. ಅಳತೆ, ಕೊಯ್ಲು, ಒಕ್ಕಣೆ ಮತ್ತು ತೂಕದ ಸಮಯದಲ್ಲಿ ಹಾಜರಿದ್ದು, ದಾಖಲಾದ ತೂಕವನ್ನು ಓದಿ ನೋಡಬೇಕು.

ನೆರೆಯ ಹೊಲದಲ್ಲಿ ನಡೆಯುವ ಪ್ರಯೋಗವೂ ತಮ್ಮದೇ ಎಂದು ರೈತಬಾಂಧವರು ಭಾವಿಸಿ, ಗೂಟ ಊರುವಾಗಿನಿಂದ ತೂಕ ಮುಗಿಯುವವರೆಗೆ ಅಲ್ಲಿ ನಿಲ್ಲುವುದು ಒಳ್ಳೆಯದು.