ಪರದೇಶದಲ್ಲಿ ಹಿತವಚನ

ನಮ್ಮ ಮನೆಗಳ ಮಕ್ಕಳು ವಿದ್ಯಾಭ್ಯಾಸದ ಕೊನೆಯ ಕಾಲದಲ್ಲಿ ಮೂರು ತಿಂಗಳಿಗೋ ಆರು ತಿಂಗಳಿಗೋ ಜಪಾನ್, ಜರ್ಮನಿ ಮೊದಲಾದ ದೇಶಗಳ ಕಾರ್ಖಾನೆ ಕಚೇರಿಗಳಿಗೆ ಹೋಗಿ ಕೆಲಸ ಕಲಿತು ಬರುವುದು ಈಗ ಅಪೂರ್ವವೇನೂ ಅಲ್ಲ. ಇಂಥವರನ್ನು ಇಂಟರ್ನ್ ಎನ್ನುವರು. ಹಿಂದಿನ ಕಾಲದ ಕಚೇರಿಗಳಲ್ಲಿ ಸಂಬಳಕ್ಕಿಂತ ಕಲಿಕೆಯನ್ನೇ ನೆಚ್ಚಿ ದುಡಿಯುತ್ತಿದ್ದ ಉಮೇದುವಾರರ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿತ್ತು. ಮಕ್ಕಳು ಹೊರಟು ನಿಂತಾಗ ಹಿರಿಯರು ಹೇಳುವ ಬುದ್ಧಿಮಾತು ಒಂದೇ: “ತಗ್ಗಿ ಬಗ್ಗಿ ನಡೆ, ಅಲ್ಲಿಯವರ ತಪ್ಪನ್ನು ಎತ್ತಿ ಆಡಬೇಡ.” ಈ ಮಾತಿನ ಪೂರ್ವಾರ್ಧವು ಸರ್ವಥಾ ಯುಕ್ತವಾದುದು. ಉತ್ತರಾರ್ಧವನ್ನು ಮಾತ್ರ ಸ್ವಲ್ಪ ವಿಚಾರಿಸಬೇಕೆಂದು ನಮಗೆ ತೋರುತ್ತದೆ.

ನಿನ್ನೆ ಬಂದವನ ಮಾತಿಗೆ ಬೆಲೆಯೇನೆಂದು ಕೆಲವರು ಕೇಳಬಹುದು. ಮನೆಯ ಹೊಸ್ತಿಲು ಎತ್ತರವಾಗಿದೆಯೆಂಬುದು ದಿನವೂ ದಾಟುವವರಿಗೆ ತಿಳಿಯದು. ಬಂದ ಅತಿಥಿಯು ಎಡವಿದಾಗಲೇ ತಿಳಿಯುವುದು. ರೂಢಿಯು ಹಳಬರ ಕಣ್ಣಿಗೆ ಪರದೆಯಾಗುವುದು ಎಲ್ಲ ದೇಶಗಳಲ್ಲಿಯೂ ಉಂಟು. ಆದಕಾರಣ ಕಿರಿಯನು ಕಂಡದ್ದನ್ನು ನುಂಗಿಕೊಂಡರೆ ನಷ್ಟವು ಅವನೊಬ್ಬನದಲ್ಲ.

ಆ ನಷ್ಟವು ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಒಂದು ದಾರುಣವಾದ ನಿದರ್ಶನವಿದೆ. 1977ನೆಯ ಇಸವಿ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರೀಫ್ ವಿಮಾನನಿಲ್ದಾಣದಲ್ಲಿ ದಟ್ಟವಾದ ಮಂಜು ಕವಿದಿತ್ತು. ಡಚ್ ವಿಮಾನವೊಂದು ಹಾರುವುದಕ್ಕೆ ಓಡತೊಡಗಿದಾಗ, ಎದುರಿನ ಅಮೆರಿಕದ ವಿಮಾನವು ದಾರಿಯಿಂದ ಸರಿದಿಲ್ಲವೇನೋ ಎಂಬ ಸಂದೇಹವನ್ನು ಅದರ ಎಂಜಿನಿಯರನು ಪ್ರಶ್ನೆಯ ರೂಪದಲ್ಲಿ ಹೇಳಿದನು. ಅನುಭವಿಯಾದ ಕಪ್ತಾನನು ಸರಿದಿದೆಯೆಂದು ಬಿರುಸಾಗಿ ಉತ್ತರವಿತ್ತನು. ಆ ಪ್ರಶ್ನೆಯು ಅಲ್ಲಿಗೇ ನಿಂತಿತು. ಎರಡು ವಿಮಾನಗಳೂ ಡಿಕ್ಕಿಯಾಗಿ 583 ಮಂದಿ ಮಡಿದರು. ದುರಂತಕ್ಕೆ ಕಾರಣಗಳು ಹಲವು. ಆದರೆ ಕಿರಿಯರು ಸ್ಪಷ್ಟವಾಗಿ ಹೇಳುವುದಕ್ಕೂ ಹಿರಿಯರು ಕಿವಿಗೊಡುವುದಕ್ಕೂ ಶಿಕ್ಷಣವು ಬೇಕೆಂಬುದನ್ನು ವಿಮಾನಲೋಕವು ಇಂಥ ಅಪಘಾತಗಳಿಂದ ಕಲಿಯಿತು. ವಿನಯದಲ್ಲಿ ಅರ್ಥವು ಮುಳುಗಿಹೋಗಬಾರದೆಂಬುದೇ ಇದರ ಪಾಠ.

ಹಾಗೆಂದು ಕಂಡದ್ದನ್ನು ಕಂಡಲ್ಲಿ ಕೂಗಿ ಹೇಳುವುದೂ ಹಿತವಚನವಲ್ಲ. ಎಲ್ಲಿ, ಯಾರಿಗೆ, ಯಾವಾಗ ಎಂಬ ವಿವೇಕವು ಬೇಕು. ಅದು ದೇಶದಿಂದ ದೇಶಕ್ಕೆ ಬೇರೆಯಾಗುವುದು. ಜಪಾನಿನಲ್ಲಿ 1924ರಲ್ಲಿ ಸಕೀಚಿ ಟೊಯೋಡಾ ಎಂಬಾತನು ನೂಲು ಹರಿದೊಡನೆ ತಾನಾಗಿಯೇ ನಿಲ್ಲುವ ಮಗ್ಗವನ್ನು ಸಿದ್ಧಪಡಿಸಿದನು. ಅದೇ ತತ್ತ್ವವು ಮುಂದೆ ಟೊಯೋಟಾ ಮೋಟಾರು ಕಾರ್ಖಾನೆಗಳಿಗೆ ಬಂದಿತು. ಅಲ್ಲಿ ಸಾಲಿನಲ್ಲಿ ನಿಂತ ಕೆಲಸಗಾರನು ದೋಷವನ್ನು ಕಂಡರೆ ಹಗ್ಗವನ್ನೆಳೆದೋ ಗುಂಡಿಯನ್ನೊತ್ತಿಯೋ ತಿಳಿಸತಕ್ಕದ್ದು, ಮೇಸ್ತ್ರಿಯು ಬರುವನು, ಸಕಾಲದಲ್ಲಿ ಸರಿಹೋಗದಿದ್ದರೆ ಸಾಲೇ ನಿಲ್ಲುವುದು. ಅಲ್ಲಿ ಸುಮ್ಮನಿರುವುದೇ ತಪ್ಪು. ಆದರೆ ಅದೇ ದೇಶದಲ್ಲಿ ಒಂದು ಯೋಜನೆಯನ್ನೋ ಹಿರಿಯರ ನಿರ್ಣಯವನ್ನೋ ತುಂಬಿದ ಸಭೆಯಲ್ಲಿ ಥಟ್ಟನೆ ಅಲ್ಲಗಳೆಯುವುದು ಅನುಚಿತವೆನಿಸುವುದು. ಸಭೆಗೆ ಮುಂಚೆಯೇ ಒಬ್ಬೊಬ್ಬರನ್ನಾಗಿ ಕಂಡು ಮಾತನಾಡುವ ಪದ್ಧತಿಗೆ ಅವರು ‘ನೆಮವಾಶಿ’ ಎನ್ನುವರು. ಮರವನ್ನು ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು ಹದಮಾಡುವುದೆಂದು ಆ ಪದದ ಅರ್ಥ. ತೋಟ ಮಾಡಿದ ಗೃಹಸ್ಥರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜರ್ಮನಿಯ ರೀತಿಯು ಬೇರೆ. ಕೆಲಸದ ಗುಣದೋಷಗಳನ್ನು ಅಲ್ಲಿ ನೇರವಾಗಿ ಹೇಳುವುದು ವಾಡಿಕೆ. “ಈ ಲೆಕ್ಕವು ಸರಿಯಿಲ್ಲ” ಎಂದು ಅವರು ಹೇಳಿದರೆ, ಲೆಕ್ಕವು ಸರಿಯಿಲ್ಲವೆಂದಷ್ಟೇ ಅರ್ಥ; ಮಾಡಿದವನು ಕೆಟ್ಟವನೆಂದಲ್ಲ. ನಮ್ಮ ಹುಡುಗನು ಹತ್ತು ಸಲ ಕ್ಷಮೆ ಬೇಡಿ ಕಡೆಯಲ್ಲಿ ವಿಷಯವನ್ನು ಸೂಚಿಸಿದರೆ, ಕೇಳುವವರಿಗೆ ವಿಷಯವೇ ತಿಳಿಯದೆ ಹೋಗಬಹುದು. ಆದರೆ ಇಷ್ಟು ನೇರವಾದ ಜನರೂ ಕೆಲಸ ಬಿಡುವವನಿಗೆ ಬರೆದುಕೊಡುವ ಯೋಗ್ಯತಾಪತ್ರದಲ್ಲಿ ಮಾತನ್ನು ಬಹಳ ಜೋಪಾನವಾಗಿ ತೂಗುವರು. “ನಮ್ಮ ಪೂರ್ಣ ತೃಪ್ತಿಯಾಗುವಂತೆ ದುಡಿದರು” ಎಂಬುದು ನಮಗೆ ಹೊಗಳಿಕೆಯಾಗಿ ಕೇಳಿಸುವುದು. ಅಲ್ಲಿ ಅದು ಮಧ್ಯಮ ದರ್ಜೆ. ಮುಂದೆ “ಸದಾ” ಎಂಬ ಶಬ್ದವು ಸೇರಿದರೆ ಒಂದು ದರ್ಜೆ ಮೇಲೇರುವುದು. ಸತ್ಯವನ್ನು ನೋಯಿಸದೆ ಹೇಳುವ ಕಷ್ಟವು ಎಲ್ಲರಿಗೂ ಉಂಟೆಂದು ಇದರಿಂದ ತಿಳಿಯತಕ್ಕದ್ದು.

ಹೇಳುವ ಕ್ರಮವೆಂತೆಂದರೆ, ಭಾರವಿಯ ಕಿರಾತಾರ್ಜುನೀಯದ ಮೊದಲನೆಯ ಸರ್ಗದಲ್ಲಿ ಬರುವ ವನೇಚರನನ್ನು ನೆನೆಯೋಣ. ಯುಧಿಷ್ಠಿರನಿಂದ ನಿಯುಕ್ತನಾಗಿ ಶತ್ರುವಿನ ರಾಜ್ಯಕ್ಕೆ ಹೋದ ಕಾಡಿನವನು ಅವನು. ದುರ್ಯೋಧನನು ಚೆನ್ನಾಗಿ ಆಳುತ್ತಿದ್ದಾನೆಂಬ ಅಪ್ರಿಯವಾದ ವಾರ್ತೆಯನ್ನೇ ಅವನು ತರಬೇಕಾಯಿತು. ಮೊದಲು ಅಪ್ಪಣೆ ಬೇಡಿದನು. ಕಂಡುದನ್ನು ಮರೆಮಾಚದೆ ಹೇಳಿದನು. ಮುಂದಿನ ನಿರ್ಣಯವನ್ನು ಅರಸನಿಗೆ ಬಿಟ್ಟನು. ಅಲ್ಪನಾದ ಸೇವಕನು ಪ್ರಭುವಿಗೆ ಮಾಡಬಹುದಾದ ಉಪಕಾರವು ಇದಕ್ಕಿಂತ ಹೆಚ್ಚಿನದಿಲ್ಲ.

ಇದನ್ನು ಇಂದಿನ ಕೆಲಸಕ್ಕೆ ಅನ್ವಯಿಸಿ ನೋಡೋಣ. ಹೊಸಬರಿಗೆಂದು ಕೊಟ್ಟ ಕೈಪಿಡಿಯಲ್ಲಿ ಹಳೆಯ ಯಂತ್ರದ ಚಿತ್ರವೇ ಉಳಿದಿದೆಯೆನ್ನಿ. “ನಿಮ್ಮ ಕೈಪಿಡಿ ನಿಷ್ಪ್ರಯೋಜಕ” ಎಂದರೆ ಅದು ನಿಂದೆ. “ನನಗೇ ತಿಳಿಯಲಿಲ್ಲವೇನೋ” ಎಂದರೆ ಅದು ಅಂಜಿಕೆ. ಮೇಲ್ವಿಚಾರಕರನ್ನು ಏಕಾಂತದಲ್ಲಿ ಕಂಡು, “ನಾಲ್ಕನೆಯ ಪುಟದ ಚಿತ್ರವು ಹಳೆಯ ಯಂತ್ರದ್ದು, ಅದರಿಂದ ನಾನು ಎರಡು ಸಲ ಬೇರೆ ಗುಂಡಿಯನ್ನು ಒತ್ತಿದೆ, ತಾವು ಒಪ್ಪಿದರೆ ಹೊಸ ಚಿತ್ರವನ್ನು ನಾನೇ ಸಿದ್ಧಪಡಿಸುವೆನು” ಎಂದರೆ ಅದು ಹಿತವಚನ. ಇಲ್ಲಿ ವ್ಯಕ್ತಿಯ ಮಾತಿಲ್ಲ, ವಸ್ತುವಿನ ಮಾತಿದೆ. ದೂರಿನೊಡನೆ ದುಡಿಮೆಯೂ ಇದೆ. ಜೀವಕ್ಕೆ ಅಪಾಯವಿರುವ ಸಂದರ್ಭದಲ್ಲಿ ಮಾತ್ರ ಏಕಾಂತಕ್ಕೆ ಕಾಯಕೂಡದು. ಆಗಲೇ, ಎಲ್ಲರಿಗೂ ಕೇಳುವಂತೆ, ಪ್ರಶ್ನೆಯಾಗಿಯಲ್ಲದೆ ಎಚ್ಚರಿಕೆಯಾಗಿ ಹೇಳತಕ್ಕದ್ದು.

ಕಡೆಯದಾಗಿ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. ಅಂಗಡಿಯ ಚೀಟಿಯ ಲೆಕ್ಕದಲ್ಲಿ ತಂದೆಯು ತಪ್ಪಿದ್ದನ್ನು ಮಗಳು ತೋರಿಸಿದಾಗ “ದೊಡ್ಡವರಿಗೆ ಎದುರು ಮಾತಾಡುತ್ತೀಯಾ?” ಎಂದು ಗದರಿಸುವ ಮನೆಯಲ್ಲಿ ಬೆಳೆದವಳು, ಸಾವಿರಾರು ಹರದಾರಿಯಾಚೆ ಪರಕೀಯರ ಮುಂದೆ ಹೇಗೆ ಬಾಯಿ ತೆರೆದಾಳು? ಪರದೇಶದಲ್ಲಿ ಬೇಕಾದ ಈ ವಿದ್ಯೆಗೆ ಅಕ್ಷರಾಭ್ಯಾಸವು ನಮ್ಮ ಮನೆಯಲ್ಲಿಯೇ ಆಗಬೇಕು. ಮಕ್ಕಳೊಡನೆ ದೂರವಾಣಿಯಲ್ಲಿ ಮಾತನಾಡುವಾಗ ಊಟ ನಿದ್ರೆಗಳನ್ನು ವಿಚಾರಿಸಿದ ಮೇಲೆ, “ಈ ವಾರ ಏನನ್ನು ಕಂಡೆ? ಯಾರಿಗೆ ಹೇಳಿದೆ?” ಎಂದೂ ಒಂದು ಮಾತು ಕೇಳಿದರೆ ಒಳ್ಳೆಯದು.