ಇಬ್ಬರಿಗೆ ಗಾಳಿ ದೋಣಿ: ಕೊಳ್ಳುವ ಮುನ್ನ

ಶರಾವತಿ ಹಿನ್ನೀರಿನ ದಂಡೆಯಲ್ಲಿರುವ ಯುವಕ ಸಂಘಗಳವರು ಈಚೆಗೆ ಒಂದು ಹೊಸ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಇಬ್ಬರು ಕುಳಿತು ಹುಟ್ಟು ಹಾಕಿಕೊಂಡು ಒಂದೆರಡು ದಿನ ನೀರಿನ ಮೇಲೆ ಸುತ್ತಿ ಬರುವುದಕ್ಕೆ ಗಾಳಿ ತುಂಬುವ ದೋಣಿಯನ್ನು ಕೊಳ್ಳಬಹುದೇ, ಕೊಳ್ಳುವುದಾದರೆ ಎಂಥದನ್ನು ಕೊಳ್ಳಬೇಕು, ಎಂಬುದು ಆ ಪ್ರಶ್ನೆ. ಬೀಜ, ಗೊಬ್ಬರ, ಔಷಧಗಳ ವಿಚಾರ ಬರೆಯುವ ಈ ಪುಟದಲ್ಲಿ ಇದು ವಿಚಿತ್ರವೆನಿಸಬಹುದು. ಆದರೆ ಸಂಘದ ಹಣವೂ ಇಬ್ಬರ ಪ್ರಾಣವೂ ಇದರಲ್ಲಿ ಸೇರಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಗಾಳಿ ದೋಣಿಯೆಂಬುದು ನಿನ್ನೆ ಮೊನ್ನೆಯ ಯುಕ್ತಿಯಲ್ಲ. ಇಂಗ್ಲೆಂಡಿನ ನೌಕಾಪಡೆಯ ಪೀಟರ್ ಹಾಲ್ಕೆಟ್ ಎಂಬ ಅಧಿಕಾರಿಯು 1840ರ ದಶಕದಲ್ಲಿಯೇ ರಬ್ಬರ್ ಲೇಪದ ಬಟ್ಟೆಯಿಂದ, ಮಡಿಸಿ ಹೊತ್ತುಕೊಂಡು ಹೋಗಬಹುದಾದ ದೋಣಿಯನ್ನು ಮಾಡಿದ್ದನು. ನಮ್ಮ ಹರಿಗೋಲು ಅದಕ್ಕಿಂತ ಬಹಳ ಹಳೆಯದು. ಅದೂ ಒಬ್ಬನೇ ತಲೆಯ ಮೇಲೆ ಹೊತ್ತು ಹೊಳೆಗೆ ಒಯ್ಯಬಹುದಾದ ದೋಣಿಯೇ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪೇಸ್, ಅಲ್ಲಿನ ದೋಣಿಗಳು ಬುಟ್ಟಿಯಂತೆ ದುಂಡಗಿರುತ್ತವೆಂದೂ ಹುಟ್ಟು ಹಾಕಿದರೆ ಸುತ್ತುತ್ತಲೇ ಸಾಗುತ್ತವೆಂದೂ ಬರೆದಿಟ್ಟಿದ್ದಾನೆ. ಆ ಸುತ್ತುವ ಗುಣವನ್ನು ನೆನಪಿನಲ್ಲಿಟ್ಟುಕೊಳ್ಳಿ. ಅಗಲ ಹೆಚ್ಚಾದಷ್ಟೂ ದೋಣಿ ಮಗುಚುವ ಭಯ ಕಡಿಮೆ; ಉದ್ದ ಹೆಚ್ಚಾದಷ್ಟೂ ಅದು ನೆಟ್ಟಗೆ ಸಾಗುತ್ತದೆ. ದೋಣಿಯ ಆಯ್ಕೆಯಲ್ಲಿ ಅರ್ಧ ಭಾಗ ಈ ಎರಡರ ನಡುವಣ ರಾಜಿಯೇ.

ಇಂದು ಪೇಟೆಯಲ್ಲಿ ದೊರೆಯುವವುಗಳನ್ನು ಸ್ಥೂಲವಾಗಿ ಮೂರು ಬಗೆಯೆನ್ನಬಹುದು. ಮೊದಲನೆಯದು ಬಟ್ಟೆಯೇ ಇಲ್ಲದ, ಬರಿಯ ಪ್ಲಾಸ್ಟಿಕ್ ಹಾಳೆಯ ಅಗ್ಗದ ದೋಣಿ. ಇದು ಈಜುಕೊಳದ ಆಟಿಕೆ. ಇದರ ಮಾತು ಇಲ್ಲಿಗೇ ಸಾಕು. ಎರಡನೆಯದು ಲೇಪ ಹಾಕಿದ ತೆಳು ನೈಲಾನಿನ ದೋಣಿ. ಪ್ಯಾಕ್‌ರಾಫ್ಟ್ ಎಂದು ಕರೆಯುತ್ತಾರೆ. ಇಬ್ಬರು ಕೂರುವಂಥದೂ ನಾಲ್ಕರಿಂದ ಏಳು ಕಿಲೋ ಮಾತ್ರ ತೂಗುತ್ತದೆ, ಬೆನ್ನುಚೀಲದೊಳಗೆ ಹಿಡಿಸುತ್ತದೆ. ಮೂರನೆಯದು ದಪ್ಪ ಪಾಲಿಯೆಸ್ಟರ್ ಬಟ್ಟೆಗೆ ಪಿ.ವಿ.ಸಿ. ಲೇಪ ಹಾಕಿದ, ಹನ್ನೆರಡು ಹದಿನಾಲ್ಕು ಅಡಿ ಉದ್ದದ ಮೀನಿನಾಕಾರದ ದೋಣಿ. ಕಯಾಕ್ ಎಂಬ ಹೆಸರಿನದು. ಇದರ ತೂಕ ಹದಿನೈದರಿಂದ ಇಪ್ಪತ್ತು ಕಿಲೋ.

ಹಗುರವಾದದ್ದೇ ಒಳ್ಳೆಯದೆಂದು ಹಲವರು ತಿಳಿದಿದ್ದಾರೆ. ಹೊರುವಾಗ ಅದು ನಿಜ. ಕಾಡುದಾರಿಯಲ್ಲಿ ಹತ್ತು ಮೈಲಿ ನಡೆದು, ನಡುವೆ ಒಂದು ಹೊಳೆ ದಾಟಿ, ಮತ್ತೆ ನಡೆಯುವವರಿಗೆ ಎರಡನೆಯ ಬಗೆಯೇ ಸರಿ. ಆದರೆ ನಮ್ಮವರು ಹೋಗಬೇಕೆಂದಿರುವುದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಿಂತ ವಿಶಾಲವಾದ ಹಿನ್ನೀರಿನಲ್ಲಿ. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ 2025ರ ಜುಲೈಯಲ್ಲಿ ತೆರೆದ ಸೇತುವೆಯ ಉದ್ದವೇ ಸುಮಾರು ಎರಡೂವರೆ ಕಿಲೋಮೀಟರ್ ಎಂದರೆ ನೀರಿನ ಹರವನ್ನು ಊಹಿಸಬಹುದು. ಬೆಳಿಗ್ಗೆ ಕನ್ನಡಿಯಂತಿದ್ದ ನೀರಿನ ಮೇಲೆ ಮಧ್ಯಾಹ್ನಕ್ಕೆ ಗಾಳಿ ಏಳುತ್ತದೆ. ಗಾಳಿ ದೋಣಿಯ ಬಹುಭಾಗ ನೀರಿನ ಮೇಲೆಯೇ ಇರುವುದರಿಂದ ಅದು ಒಣ ಎಲೆಯಂತೆ ಪಕ್ಕಕ್ಕೆ ಹೋಗುತ್ತದೆ. ಇಬ್ಬರೂ ಕೈ ಸೋಲುವವರೆಗೆ ಹುಟ್ಟು ಹಾಕಿದರೂ ಎದುರಿನ ದಂಡೆ ಹತ್ತಿರ ಬರುವುದಿಲ್ಲ. ಇಂಥ ನೀರಿಗೆ ಉದ್ದನೆಯ, ತಳದಲ್ಲಿ ರೆಕ್ಕೆಯಂಥ ಹಲಗೆಯುಳ್ಳ ಮೂರನೆಯ ಬಗೆಯನ್ನೇ ಕೊಳ್ಳುವುದು ಯುಕ್ತವೆಂದು ನನ್ನ ಅಭಿಪ್ರಾಯ. ಹದಿನೆಂಟು ಕಿಲೋ ಎಂದರೆ ಒಂದು ಯೂರಿಯಾ ಚೀಲದ ಅರ್ಧಕ್ಕೂ ಕಡಿಮೆ. ದಂಡೆಯವರೆಗೆ ಬಸ್ಸೋ ಟ್ರ್ಯಾಕ್ಟರೋ ಹೋಗುವಾಗ ಇಬ್ಬರು ಆಳಿಗೆ ಅದೇನು ಭಾರ?

ಗಾಳಿಗಿಂತಲೂ ದೊಡ್ಡ ಶತ್ರು ನೀರಿನೊಳಗಿದೆ. ಮುಳುಗಡೆಯಾದ ಕಾಡಿನ ಮರಗಳು ಬೊಡ್ಡೆಗಳಾಗಿ ಈಗಲೂ ನಿಂತಿವೆ. ಜಲಾಶಯ ತುಂಬಿದಾಗ ಅವು ಆಳದಲ್ಲಿರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಂತೆ ಮೇಲ್ಮೈಯಿಂದ ಗೇಣು ಕೆಳಗೆ ಈಟಿಯ ಮೊನೆಯಂತೆ ಬಂದು ನಿಲ್ಲುತ್ತವೆ. ಕಳೆದ ಬೇಸಿಗೆಯಲ್ಲಿ ಒಂದು ಊರಿನ ಇಬ್ಬರು ಹುಡುಗರು ಮೊದಲನೆಯ ಬಗೆಯ ದೋಣಿಯಲ್ಲಿ ಹೋಗಿ ಇಂಥ ಬೊಡ್ಡೆಯ ಮೇಲೆ ಹಾಯಿಸಿದರು. ತಳ ಒಂದು ಮೊಳ ಸೀಳಿತು. ಲೈಫ್ ಜಾಕೆಟ್ ತೊಟ್ಟಿದ್ದುದರಿಂದ ಆ ಬೊಡ್ಡೆಯನ್ನೇ ಅಪ್ಪಿಕೊಂಡು, ಮೀನು ಹಿಡಿಯುವವರು ಬರುವವರೆಗೆ ಕಾದಿದ್ದರು. ಹುಡುಗರು ಈಗ ನಗುತ್ತಾರೆ. ಅವರ ತಾಯಂದಿರು ನಗುವುದಿಲ್ಲ.

ಆದುದರಿಂದ ತಳದ ಬಟ್ಟೆಯನ್ನು ಮೊದಲು ನೋಡತಕ್ಕದ್ದು. ಎಳೆಯ ದಪ್ಪವನ್ನು ಡೆನಿಯರ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ರೇಷ್ಮೆಯವರಿಗೆ ಈ ಮಾತು ಹೊಸದಲ್ಲ: 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. ತೆಳು ನೈಲಾನಿನ ದೋಣಿಯ ಮೈ 210ರಿಂದ 420 ಡೆನಿಯರ್ ಇರುವುದುಂಟು. ನಮ್ಮ ಬೊಡ್ಡೆಗಳಿಗೆ ತಳದಲ್ಲಾದರೂ 1000 ಡೆನಿಯರಿನ ಬಟ್ಟೆ ಬೇಕು. ಅಂಗಡಿಯವನು "ದಪ್ಪವಾಗಿದೆ, ಸ್ವಾಮಿ" ಎಂದರೆ ಸಾಲದು, ಅಂಕಿಯನ್ನು ಕೇಳಿ.

ಎರಡನೆಯದಾಗಿ ಗಾಳಿಯ ಅರೆಗಳನ್ನು ಎಣಿಸಿರಿ. ಎಡಕ್ಕೊಂದು, ಬಲಕ್ಕೊಂದು, ತಳಕ್ಕೊಂದು ಹೀಗೆ ಕಡೆಯ ಪಕ್ಷ ಮೂರು ಪ್ರತ್ಯೇಕ ಅರೆಗಳಿರಬೇಕು; ಒಂದು ತೂತಾದರೆ ಉಳಿದೆರಡು ತೇಲಿಸುತ್ತವೆ. ಒಂದೇ ಅರೆಯ ದೋಣಿ ಎಷ್ಟು ಚೆನ್ನಾಗಿದ್ದರೂ ಹಿನ್ನೀರಿನ ನಡುವೆ ಅದನ್ನು ನಂಬಲಾಗದು.

ಹೊರೆಯ ಲೆಕ್ಕ ಸುಲಭ. ಒಂದು ಲೀಟರ್ ನೀರನ್ನು ಸರಿಸಿದರೆ ಒಂದು ಕಿಲೋ ತೇಲುತ್ತದೆ. ಅರವತ್ತೈದು ಕಿಲೋದ ಇಬ್ಬರು, ಇಪ್ಪತ್ತು ಕಿಲೋ ಸಾಮಾನು, ಹದಿನೆಂಟು ಕಿಲೋ ದೋಣಿ, ಒಟ್ಟು 168 ಕಿಲೋ. ಎಂದರೆ ದೋಣಿಯ ಅಷ್ಟು ಲೀಟರ್ ಭಾಗ ನೀರಿನಲ್ಲಿ ಮುಳುಗಿರುತ್ತದೆ. ತಯಾರಕರು ಬರೆದ ಗರಿಷ್ಠ ಹೊರೆಯನ್ನು ತುಂಬಿದರೆ ಅಂಚು ನೀರಿಗೆ ಹತ್ತಿರವಾಗಿ ಅಲೆ ಒಳಗೆ ಬರುತ್ತದೆ. ಬರೆದದ್ದರ ಮುಕ್ಕಾಲು ಭಾಗಕ್ಕೇ ನಿಲ್ಲಿಸುವುದು ಲೇಸು. ಜನ ಮತ್ತು ಸಾಮಾನು ಸೇರಿ 150 ಕಿಲೋ ಆಗುವವರು 200 ಕಿಲೋ ಎಂದು ಬರೆದಿರುವುದನ್ನೇ ಆರಿಸಲಿ.

ಗಾಳಿ ತುಂಬುವ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಬಹಳ. ನಾನು ಬೇಸಾಯ ಕಲಿತವನು, ದೋಣಿ ಕಟ್ಟುವವನಲ್ಲ; ಆದರೂ ಸ್ಪ್ರೇಯರ್ ಪಂಪು ಬಿಚ್ಚಿ ಜೋಡಿಸಿದವರಿಗೆ ಇದು ಕಷ್ಟವಲ್ಲ. ಸೈಕಲ್ ಟಯರಿಗೆ ಸ್ವಲ್ಪವೇ ಗಾಳಿ ಸಾಕು, ಒತ್ತಡ ಮಾತ್ರ ನಲವತ್ತು ಪೌಂಡಿನಷ್ಟು ಬೇಕು. ದೋಣಿಗೆ ಬೇಕಾದುದು ರಾಶಿ ಗಾಳಿ, ಒತ್ತಡವಾದರೋ ಪಕ್ಕದ ಅರೆಗಳಿಗೆ ಎರಡೂವರೆ ಮೂರು ಪೌಂಡು ಮಾತ್ರ. ನೂಲಿನಿಂದ ಒಳಗೇ ಹೆಣೆದ ಚಪ್ಪಟೆ ತಳವಿದ್ದರೆ ಅದೊಂದಕ್ಕೆ ಎಂಟು ಹತ್ತು ಪೌಂಡು. ಸೈಕಲ್ ಪಂಪಿನಿಂದ ಇದು ಸಂಜೆಯಾದರೂ ತುಂಬದು. ಲಾರಿ ಟಯರಿನ ಅಂಗಡಿಯ ಯಂತ್ರಕ್ಕೆ ಹಿಡಿದರೆ ಕ್ಷಣದಲ್ಲಿ ಬೆಸುಗೆ ಬಿಡುತ್ತದೆ. ಅಳತೆಯ ಮುಳ್ಳುಳ್ಳ ದೊಡ್ಡ ಕೈಪಂಪನ್ನು ದೋಣಿಯ ಜೊತೆಯಲ್ಲಿಯೇ ಕೊಳ್ಳಬೇಕು.

ಇನ್ನೊಂದು ಸಂಗತಿ. ಬೆಳಿಗ್ಗೆ 25 ಡಿಗ್ರಿಯ ತಂಪಿನಲ್ಲಿ ಎರಡೂವರೆ ಪೌಂಡು ತುಂಬಿ, ಊಟದ ಹೊತ್ತಿಗೆ ದಂಡೆಯ ಬಿಸಿಲಿಗೆ ಎಳೆದು ಹಾಕಿ, ಒಳಗಾಳಿ 50 ಡಿಗ್ರಿಗೆ ಕಾಯಿತೆನ್ನಿ. ಒತ್ತಡ ನಾಲ್ಕು ಪೌಂಡಿನ ಹತ್ತಿರ ಹೋಗುತ್ತದೆ. ಊಟಕ್ಕೆ ನಿಂತಾಗ ದೋಣಿಯನ್ನು ನೆರಳಿಗೆ ಎಳೆಯಿರಿ, ನೆರಳಿಲ್ಲದಿದ್ದರೆ ಸ್ವಲ್ಪ ಗಾಳಿ ಬಿಡಿ. ಮತ್ತೆ ನೀರಿಗಿಳಿಸಿದಾಗ ತಂಪಿಗೆ ಮೆತ್ತಗಾದರೆ ಗಾಬರಿ ಬೇಡ, ಅದು ಸೋರಿಕೆಯಲ್ಲ. ನಾಲ್ಕು ಸಲ ಪಂಪು ಒತ್ತಿದರಾಯಿತು.

ಹಣ ಕೊಡುವ ಮೊದಲು ತುಂಬಿಸಿ ನೋಡಿರಿ. ಬೆಸುಗೆಗಳಿಗೂ ಬಿರಡೆಗಳಿಗೂ ಸೋಪಿನ ನೀರು ಸವರಿ, ಗುಳ್ಳೆ ಏಳುವುದೇ ಎಂದು ಗಮನಿಸಿ. ಸಾಧ್ಯವಾದರೆ ಒಂದು ಬೆಳಗಿನಿಂದ ಮರುದಿನದ ಬೆಳಗಿನವರೆಗೆ ಇಟ್ಟು ಮುಳ್ಳಿನ ಅಂಕಿಯನ್ನು ಹೋಲಿಸಿ. ಹಗಲು ತುಂಬಿಸಿ ರಾತ್ರಿ ನೋಡಿದರೆ ತಂಪಿಗೆ ಇಳಿದದ್ದೂ ಸೋರಿದ್ದೂ ಒಂದೇ ಎನಿಸುತ್ತದೆ. ತೇಪೆಯ ಅಂಟನ್ನೂ ಆಗಲೇ ಕೇಳಿ ಪಡೆಯಿರಿ. ಸೈಕಲ್ ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ ಪಿ.ವಿ.ಸಿ. ಬಟ್ಟೆಗೆ ನಿಲ್ಲುವುದಿಲ್ಲ, ಅದಕ್ಕೆ ಬೇರೆಯೇ ಅಂಟಿದೆ.

ಬೆಲೆ ಹೊಂದಿಸುವಾಗ ಲೈಫ್ ಜಾಕೆಟ್ಟುಗಳನ್ನು ಕೊನೆಗೆ ಬಿಡುವ ಪದ್ಧತಿ ಇದೆ. ಅದನ್ನು ಒಪ್ಪಲಾಗದು, ಎರಡು ಜಾಕೆಟ್ಟಿಗೆ ಹಣ ಎತ್ತಿಟ್ಟ ಮೇಲೆ ಉಳಿದುದರಲ್ಲಿ ದೋಣಿ. ಅವುಗಳ ತೇಲಿಸುವ ಶಕ್ತಿಯನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತಾರೆ. 50 ಎಂದಿರುವುದು ಈಜು ಬಲ್ಲವರಿಗೆ, ಅದೂ ದಂಡೆಯ ಹತ್ತಿರ. ನಮ್ಮ ಕೆಲಸಕ್ಕೆ 100 ಇರಲಿ.

ಹಿನ್ನೀರಿನ ಸುತ್ತಿನ ಕೆಲವು ಭಾಗ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿದ್ದು, ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಯಾವ ದೋಣಿಯೂ ಬೇಡ. ಆ ತಿಂಗಳುಗಳಲ್ಲಿ ಅದನ್ನು ತೊಳೆದು, ಪೂರ್ತಿ ಒಣಗಿಸಿ, ಸಡಿಲವಾಗಿ ಸುತ್ತಿಡಿ. ಸೀಮೆಎಣ್ಣೆ, ಡೀಸೆಲ್, ಕೀಟನಾಶಕ ಇಟ್ಟ ಕೋಣೆಯಲ್ಲಿ ಇಡಬೇಡಿ. ಅಡಿಕೆ ಅಟ್ಟದ ಮೇಲೆಯೂ ಬೇಡ, ಅಲ್ಲಿ ಇಲಿಗಳಿವೆ. ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಪೆಟ್ಟಿಗೆಯಲ್ಲಿಟ್ಟು ಸಂಘದ ಕಾರ್ಯದರ್ಶಿಯ ಮನೆಯಲ್ಲಿರಿಸಿ.