ಮುಂದಿರೋನಿಗೆ ಗಾಳಿ, ಹಿಂದಿರೋನಿಗೆ ಆರಾಮ: ಏನಿದು ಕೇರಿನ್ ರೇಸ್?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಕೇಳ್ತಿರೋರಿಗೆ ಗಾಳಿ ಬಗ್ಗೆ ನಾನು ಪಾಠ ಮಾಡಬೇಕಿಲ್ಲ. ನಿಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗ್ತಾನೇ ಇರ್ತವೆ. ಎದುರುಗಾಳಿಗೆ ಸೈಕಲ್ ತುಳಿಯುವಾಗ ಮುಂದೆ ಇನ್ನೊಬ್ಬ ಇದ್ದರೆ ಎಷ್ಟು ಹಗುರ ಅಂತಾನೂ ಗೊತ್ತು. ಕೇರಿನ್ ಅನ್ನೋ ಆಟ ನಿಂತಿರೋದೇ ಇದರ ಮೇಲೆ.

ಇದು ಶುರುವಾಗಿದ್ದು 1948ರಲ್ಲಿ, ಜಪಾನಿನ ಕೊಕುರಾದಲ್ಲಿ. ಯುದ್ಧದಲ್ಲಿ ಹಾಳಾದ ಊರು ಕಟ್ಟೋಕೆ ಸ್ಥಳೀಯ ಆಡಳಿತಗಳಿಗೆ ದುಡ್ಡು ಬೇಕಿತ್ತು. ಸೈಕಲ್ ರೇಸ್ ಇಟ್ಟು, ಕಾನೂನುಬದ್ಧವಾಗಿ ಬಾಜಿ ಕಟ್ಟಿಸಿದರು. ಬಾಜಿ ಇವತ್ತಿಗೂ ಇದೆ. ಮೋಸ ಆಗಬಾರದು ಅಂತ ರೇಸ್ ದಿನಗಳಲ್ಲಿ ಸವಾರರ ಕೈಗೆ ಮೊಬೈಲ್ ಕೊಡಲ್ಲ. ಒಲಿಂಪಿಕ್ಸ್‌ಗೆ ಪುರುಷರ ಕೇರಿನ್ ಬಂದದ್ದು 2000ದಲ್ಲಿ, ಮಹಿಳೆಯರದ್ದು 2012ರಲ್ಲಿ.

ಒಲಿಂಪಿಕ್ಸ್ ನಿಯಮ ಸರಳ. 250 ಮೀಟರ್ ಟ್ರ್ಯಾಕ್, ಆರು ಸುತ್ತು. ಎಲ್ಲರ ಮುಂದೆ ಒಂದು ಪುಟ್ಟ ಮೋಟಾರ್ ಬೈಕ್. ಅದು ಗಂಟೆಗೆ 30 ಕಿ.ಮೀ.ನಿಂದ ಮೆಲ್ಲಗೆ 50ಕ್ಕೆ ಏರುತ್ತೆ. ಅಲ್ಲಿವರೆಗೆ ಅದನ್ನ ಯಾರೂ ದಾಟೋ ಹಾಗಿಲ್ಲ. ಮೂರು ಸುತ್ತು ಉಳಿದಾಗ ಬೈಕ್ ಪಕ್ಕಕ್ಕೆ ಸರಿಯುತ್ತೆ. ಆಮೇಲೆ ನೋಡಿ ಮಜಾ! ಸೈಕಲ್‌ಗೆ ಬ್ರೇಕ್ ಇಲ್ಲ, ಒಂದೇ ಗೇರ್, ತುಳಿಯೋದು ನಿಲ್ಲಿಸೋಕೂ ಆಗಲ್ಲ.

ಮೊದಲು ನುಗ್ಗಿದವನು ಗಾಳಿಗೆ ಎದೆ ಕೊಡಬೇಕು. ಹಿಂದಿನವರು ಅವನ ಮರೆಯಲ್ಲಿ ಶಕ್ತಿ ಉಳಿಸಿಕೊಂಡು, ಕೊನೆಗೆ ದಾಟ್ತಾರೆ. ಹಾಗಾಗಿ ಎಲ್ಲರೂ ಕಾಯ್ತಾರೆ. ಆದರೆ ಕಾಯೋದ್ರಲ್ಲೂ ಅಪಾಯ ಇದೆ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಬೈಕ್ ಹಿಂದೇನೇ ಇದ್ದವರು ಬ್ರಿಟನ್ನಿನ ಜೇಸನ್ ಕೆನ್ನಿ. ಅವರ ಹಿಂದಿದ್ದವರು ಸ್ವಲ್ಪ ಅಂತರ ಬಿಟ್ಟರು. ಬೈಕ್ ಸರಿದಿದ್ದೇ ತಡ, ಕೆನ್ನಿ ನುಗ್ಗಿದರು. ಮೂರು ಸುತ್ತೂ ಒಬ್ಬರೇ ಗಾಳಿ ಸೀಳಿ ಚಿನ್ನ ಗೆದ್ದರು. ಅವರ ಮರೆಗೆ ಬರೋಕೆ ಹಿಂದಿನವರಿಗೆ ಆಗಲೇ ಇಲ್ಲ.

ನಮ್ಮವರೂ ಇದ್ದಾರೆ. ಅಂಡಮಾನ್-ನಿಕೋಬಾರ್‌ನ ಎಸೋ ಆಲ್ಬೆನ್ 2018ರಲ್ಲಿ ಸ್ವಿಟ್ಜರ್ಲೆಂಡಿನ ಏಗಲ್‌ನಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನ ಬೆಳ್ಳಿ ಗೆದ್ದರು. ಅದೂ ಕೇರಿನ್‌ನಲ್ಲೇ.

ಕೊನೆಗೊಂದು ಮಾತು. ಇದನ್ನ ಕೇಳಿ ಹಿರಿಯೂರು ಹೈವೇಲಿ ಲಾರಿ ಹಿಂದೆ ಸೈಕಲ್ ಹೊಡೆಯೋಕೆ ಹೋಗಬೇಡ್ರಪ್ಪಾ. ಟ್ರ್ಯಾಕ್‌ನ ಬೈಕ್ ದಿಢೀರ್ ಬ್ರೇಕ್ ಹಾಕಲ್ಲ, ಲಾರಿ ಹಾಕುತ್ತೆ. ಮುಂದಿನ ರಸ್ತೆಯೂ ನಿಮಗೆ ಕಾಣಲ್ಲ. ಮರೆ ಬೇಕಿದ್ರೆ ಖಾಲಿ ರಸ್ತೇಲಿ ಗೆಳೆಯನ ಹಿಂದೆ ಹೋಗಿ, ಆಮೇಲೆ ನೀವು ಮುಂದೆ ಬಂದು ಗಾಳಿ ತಡೀರಿ. ಅವನಿಗೂ ಸುಸ್ತಾಗಿರುತ್ತೆ.